ಹಾದಿಯಲ್ಲಿ ಕೆಟ್ಟ ಮಾಲಿಗೆ ಹೊಣೆ ಯಾರು?

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಲ್ಲಿ ನಿಂತು ಉಪನ್ಯಾಸ ಕೊಡುವಷ್ಟು ಓದಿದವರು ನಾವಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ರವಾನೆ ಖಾತೆಯಲ್ಲಿ ಬಿಲ್ಟಿ ಬರೆದುಕೊಂಡಿರುವವರು. ಆದರೂ ಕಾರ್ಯದರ್ಶಿಗಳು, "ಒದ್ದೆಯಾದ ಪುಸ್ತಕಗಳ ವಿಷಯವನ್ನು ಚಾಳಿನಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಆಡುತ್ತಿದ್ದಾರೆ, ನೀವೇ ಕೊಂಡವರು, ನೀವೇ ಹೇಳಿಬಿಡಿ" ಎಂದರು. ಅವರ ಮಾತು ಸರಿ. ನೀವೆಲ್ಲ ಇಪ್ಪತ್ತು, ಐವತ್ತು ರೂಪಾಯಿಯಂತೆ ಕೊಟ್ಟ ಹಣ ಅದು. ಲೆಕ್ಕ ಕೇಳುವುದು ನಿಮ್ಮ ಹಕ್ಕು.

ಕಳೆದ ಮಳೆಗಾಲದಲ್ಲಿ ಹಳೆಯ ಸಾಮಾನುಗಳನ್ನು ಹರಾಜಿಗೆ ಇಡುವ ಒಂದು ಜಾಲತಾಣದಲ್ಲಿ 61 ಕನ್ನಡ ಪುಸ್ತಕಗಳ ಒಂದು ಗಂಟು ನಮ್ಮ ಕಣ್ಣಿಗೆ ಬಿತ್ತು. ಕಾದಂಬರಿಗಳು, ಎರಡು ನಿಘಂಟು, ಮಕ್ಕಳ ಪುಸ್ತಕಗಳು, ಕೆಲವು ಹಳೆಯ ಮಾಸಪತ್ರಿಕೆಗಳ ಕಟ್ಟು. ಮಾರುವವರು ಉತ್ತರ ಕರ್ನಾಟಕದ ಒಂದು ಸಣ್ಣ ಊರಿನವರು. ಶಾಲಾ ಮಾಸ್ತರರಾಗಿದ್ದ ಯಜಮಾನರು ತೀರಿಕೊಂಡ ಮೇಲೆ ಅವರ ಮನೆಯಾಕೆ ಪುಸ್ತಕಗಳನ್ನು ಮಾರಲಿಟ್ಟಿದ್ದರು. ಫೋಟೋ ತೆಗೆದು ಹಾಕಿದ್ದು ಪಕ್ಕದ ಮನೆಯ ಹುಡುಗ. ಒಂಬತ್ತು ಗಂಟೆಗೆ ಹರಾಜು ಮುಗಿಯುವುದಿತ್ತು. ಇದೇ ಮೇಜಿನ ಸುತ್ತ ಎಂಟು ಮಂದಿ ಒಂದು ಫೋನಿನ ಮೇಲೆ ಬಾಗಿ ನಿಂತು, ಕೊನೆಯ ನಿಮಿಷದಲ್ಲಿ 3,600 ರೂಪಾಯಿಗೆ ಸವಾಲು ಕಟ್ಟಿದೆವು. ಗಂಟು ನಮಗಾಯಿತು. ಆ ರಾತ್ರಿ ಚಹಾದ ಖರ್ಚು ಬೇರೆ ಆಯಿತೆನ್ನಿ, ಅದು ಸಂಘದ ಲೆಕ್ಕದಲ್ಲಿ ಇಲ್ಲ.

ಸಾಗಣೆಗೆ ಎರಡು ದಾರಿ ತೋರಿಸಿದ್ದರು. ಸಾಧಾರಣ ಪಾರ್ಸೆಲ್ಲಿಗೆ 420 ರೂಪಾಯಿ; ವಿಮೆ ಸಹಿತ, ಪ್ಲಾಸ್ಟಿಕ್ ಹೊದಿಕೆಯೊಡನೆ ಕಳಿಸುವುದಕ್ಕೆ 600. ನಾವು 180 ರೂಪಾಯಿ ಉಳಿಸಿದೆವು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ಹನ್ನೊಂದನೆಯ ದಿನ ಮಾಲು ಬಂದಿತು. ಬಂದ ಹೊತ್ತಿಗೆ ಎಲ್ಲರೂ ಪಾಳಿಯ ಮೇಲೆ. ವಾಚನಾಲಯಕ್ಕೆ ಬೀಗ. ತಂದ ಹುಡುಗ ಫೋನು ಮಾಡಿದ. ಗಿರಣಿಯ ಸದ್ದಿನಲ್ಲಿ ಸರಿಯಾಗಿ ಕೇಳದೆ ನಾವು ಗುಟ್ಟಿನ ಅಂಕಿಯನ್ನು ಹೇಳಿಬಿಟ್ಟೆವು. ಅವನು ಅದನ್ನು ಚಾಳಿನ ಬಾಗಿಲಲ್ಲಿ, ತಗಡಿನ ಕೆಳಗೆ ಇಟ್ಟು ಹೋದ. ನಾವು ಬಿಚ್ಚಿದ್ದು ಮೂರನೆಯ ದಿನ, ಭಾನುವಾರ. ಗೋಣಿತಟ್ಟಿನಲ್ಲಿ ಸುತ್ತಿ ಸುತಳಿಯಿಂದ ಹೊಲಿದ ಗಂಟು. ಒಳಗೆ ತಾಡಪತ್ರಿಯಾಗಲಿ ಪ್ಲಾಸ್ಟಿಕ್ಕಾಗಲಿ ಇರಲಿಲ್ಲ. ಹುಡುಗರು ಉತ್ಸಾಹದಿಂದ ಕತ್ತರಿ ಹಾಕಿ ಗೋಣಿಯನ್ನು ಹರಿದು ಬಿಸಾಡಿದರು. ಆಮೇಲೆ ನೋಡಿದರೆ ಕೆಳಗಿನ ಎರಡು ಸಾಲು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ನಿಘಂಟೊಂದರ ರಟ್ಟು ಕೈಗೆ ಬಂದಿತು. ಬೂಷ್ಟಿನ ವಾಸನೆ.

ಈಗ ಪ್ರಶ್ನೆ ಇದು. ನೀರು ಎಲ್ಲಿ ತಾಗಿತು? ಆ ತಾಯಿಯ ಮನೆಯಲ್ಲೇ? ಲಾರಿಯಲ್ಲೇ? ಗೋದಾಮಿನಲ್ಲೇ? ಅಥವಾ ನಮ್ಮದೇ ಚಾಳಿನ ತೂತು ಬಿದ್ದ ತಗಡಿನ ಕೆಳಗೆ, ನಾವು ದಿನವೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದಾಗಲೇ?

ನಾವು ಮೊದಲು ಮಾಡಿದ ಕೆಲಸ, ಮಾಡಬಾರದಿದ್ದದ್ದು. ಮರುದಿನ ಬೇರೊಂದು ಪಾರ್ಸೆಲ್ ಹಿಡಿದು ಬಂದ ಅದೇ ಹುಡುಗನನ್ನು ತಡೆದು ನಾಲ್ಕು ಜನ ಬೈದೆವು. ಅವನು ಯಾದಗಿರಿ ಕಡೆಯವನು. "ಅಣ್ಣಾರ, ನಾ ಏನ್ ಮಾಡ್ಲಿ, ಗೋದಾಮಿನಾಗ ಹೆಂಗ ಕೊಟ್ಟರೋ ಹಂಗ ತಂದೀನಿ" ಎಂದ. ಒಂದೊಂದು ಪಾರ್ಸೆಲ್ಲಿಗೆ ಇಷ್ಟು ಎಂದು ಕೂಲಿ ಪಡೆಯುವವನು. ನಮ್ಮೊಡನೆ ಜಗಳದಲ್ಲಿ ಕಳೆದ ಅರ್ಧ ಗಂಟೆ ಅವನ ಕೂಲಿಯಿಂದಲೇ ಹೋಯಿತು. ನಮ್ಮ ಸದಸ್ಯರಲ್ಲೇ ಭಿವಂಡಿಯ ಗೋದಾಮುಗಳಲ್ಲಿ ದುಡಿಯುವವರಿದ್ದಾರೆ. ರಾತ್ರಿ ಪಾಳಿಯಲ್ಲಿ ಪೆಟ್ಟಿಗೆಗಳು ಹೇಗೆ ಏರಿ ಇಳಿಯುತ್ತವೆಂಬುದನ್ನು ಅವರನ್ನು ಕೇಳಿ. "ನಾಜೂಕು" ಎಂದು ಕೆಂಪು ಅಕ್ಷರದಲ್ಲಿ ಬರೆದದ್ದನ್ನು ಓದುವ ಹೊತ್ತು ಯಾರಿಗೂ ಇರುವುದಿಲ್ಲ.

ಬಳಿಕ ಆ ತಾಯಿಗೆ ಫೋನು ಮಾಡಿದೆವು. "ತಮ್ಮಾ, ನಾ ಕೊರಿಯರದವರ ಕೈಯಾಗ ಕೊಟ್ಟೀನಿ, ರಶೀದಿ ಅದ. ಇನ್ನ ನನ್ನದೇನು ಬಂತು?" ಎಂದರು. ಕೊರಿಯರ್ ಕಚೇರಿಯವರು, "ರಶೀದಿಯ ಹಿಂಬದಿ ಓದಿ, ನಮ್ಮ ಹೊಣೆ 100 ರೂಪಾಯಿ ಮಾತ್ರ; ಅಲ್ಲದೆ ಮಾಲು ಮುಟ್ಟಿದೆ ಎಂದು ನೀವೇ ಅಂಕಿ ಕೊಟ್ಟಿದ್ದೀರಿ" ಎಂದರು. ಜಾಲತಾಣದವರಿಂದ ಒಂದು ಕಾಗದ ಬಂತು: ನಾವು ಬರಿಯ ಸಂತೆಯ ಕಟ್ಟೆ, ಕೊಡುವವರು ಕೊಳ್ಳುವವರು ನೀವು ನೀವೇ. ಮೂವರೂ ಹೇಳಿದ್ದರಲ್ಲಿ ಸ್ವಲ್ಪ ಸ್ವಲ್ಪ ನಿಜವಿತ್ತು. ಅದೇ ತೊಡಕು.

ಹೀಗಿರಲಾಗಿ ನಾವು ಕಾಯಿದೆಯ ಪುಸ್ತಕ ಹಿಡಿದೆವು. ಗಿರಣಿಯಲ್ಲಿ ನಮ್ಮ ಮೇಲಿನ ಹಿರಿಯ ಗುಮಾಸ್ತರೊಬ್ಬರು ಸಹಾಯ ಮಾಡಿದರು.

ಮಾಲು ಮಾರಾಟದ ಕಾಯಿದೆ 1930ರದು. ಇಂಗ್ಲೆಂಡಿನಲ್ಲಿ 1893ರಲ್ಲಿ ಮಾಡಿದ ಕಾಯಿದೆಯ ಜಾಡಿನಲ್ಲೇ ಬರೆದದ್ದು. ಅದರ 64ನೆಯ ಕಲಮಿನಂತೆ ಹರಾಜಿನಲ್ಲಿ ಸುತ್ತಿಗೆ ಬಿದ್ದಾಗ ಮಾರಾಟ ಮುಗಿಯಿತು. ಅಲ್ಲಿಯವರೆಗೆ ಸವಾಲನ್ನು ಹಿಂದೆಗೆದುಕೊಳ್ಳಬಹುದು. 26ನೆಯ ಕಲಮಿನಂತೆ, ಬೇರೆ ಒಪ್ಪಂದವಿರದಿದ್ದರೆ ಮಾಲಿನ ಒಡೆತನ ಯಾರದೋ ನಷ್ಟದ ಭಯವೂ ಅವರದೇ, ಮಾಲು ಕೈಗೆ ಬಂದಿರಲಿ ಬಿಡಲಿ. 39ನೆಯ ಕಲಮು ಇನ್ನೊಂದು ಹೇಳುತ್ತದೆ: ಒಪ್ಪಂದದಂತೆ ಸಾಗಣೆಯವನ ಕೈಗೆ ಮಾಲು ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಂಡವನಿಗೇ ಒಪ್ಪಿಸಿದಂತೆ. ಅಂದರೆ ಆ ತಾಯಿ ಹೇಳಿದ್ದರಲ್ಲಿ ಕಾಯಿದೆಯ ಬಲವಿತ್ತು. ಅವರು ಕಾಯಿದೆ ಓದಿ ಹೇಳಿದ್ದಲ್ಲ, ಲೋಕರೂಢಿಯಿಂದ ಹೇಳಿದರು.

ಇದರ ಕಾರಣವನ್ನು ಹಳೆಯ ಹರಾಜನ್ನು ನೋಡಿದವರು ಬಲ್ಲರು. ಊರ ಕಡೆ ಅಡತಿ ಅಂಗಡಿಯ ಮುಂದೆ ಹತ್ತಿಯ ಅಂಡಿಗೆಗಳ ಲಿಲಾವು ಆಗುವಾಗ ವ್ಯಾಪಾರಿ ಅಂಡಿಗೆಯೊಳಗೆ ಕೈ ಹಾಕಿ, ಅರಳೆಯನ್ನು ಎಳೆದು ನೋಡಿ, ಆಮೇಲೆ ಸವಾಲು ಕೂಗುತ್ತಿದ್ದ. ಕೂಗಿ ಮುಗಿದ ಮೇಲೆ ಅವನ ಗಾಡಿ, ಅವನ ಹಮಾಲಿ, ಅವನ ಹಣೆಬರಹ. ನಮ್ಮ ಗಿರಣಿಯ ಹಳೆಯ ಮಗ್ಗಗಳನ್ನು ಜಾಲದ ಮೂಲಕ ಹರಾಜು ಹಾಕಿದಾಗಲೂ "ಇದ್ದಲ್ಲಿ, ಇದ್ದಂತೆ" ಎಂದು ಬರೆದಿದ್ದೆವು. ಕೊಂಡವರು ಗೇಟಿನೊಳಗೆ ಬಂದು ನೋಡಿ ಹೊತ್ತುಕೊಂಡು ಹೋದರು. ಹಾದಿಯಲ್ಲಿ ಏನಾಯಿತೋ ನಮಗೆ ಸಂಬಂಧವಿಲ್ಲ. ಆದರೆ ನೂರಾರು ಮೈಲಿ ದೂರದಲ್ಲಿರುವ ಗಂಟನ್ನು ಒಂದು ಚಿತ್ರ ನೋಡಿ ಕೊಂಡವನಿಗೆ ಇದೇ ನಿಯಮ ಹೊಂದುವುದೇ? ಇಂಗ್ಲೆಂಡಿನವರು ತಮ್ಮ ನಿಯಮವನ್ನು ಗ್ರಾಹಕರ ಮಟ್ಟಿಗೆ ಬದಲಿಸಿಕೊಂಡರು. ಅವರ 2015ರ ಕಾಯಿದೆಯಂತೆ ವ್ಯಾಪಾರಿಯಿಂದ ಕೊಂಡ ಮಾಲು ಗ್ರಾಹಕನ ವಶಕ್ಕೆ ಬರುವವರೆಗೆ ಹೊಣೆ ವ್ಯಾಪಾರಿಯದೇ. ಸಾಗಣೆಯವನನ್ನು ಗ್ರಾಹಕನೇ ಬೇರೆಯಾಗಿ ಗೊತ್ತುಮಾಡಿದ್ದರೆ ಮಾತು ಬೇರೆ. ಅವರಿಂದ ಕಲಿತ ನಿಯಮ ನಮ್ಮಲ್ಲಿ 1930ರ ಕಾಯಿದೆಯಲ್ಲಿ ಹಾಗೆಯೇ ಉಳಿದಿದೆ.

ಆದರೆ ಆ 39ನೆಯ ಕಲಮಿಗೆ ಎರಡನೆಯ ಭಾಗವೊಂದುಂಟು. ಮಾಲಿನ ಸ್ವಭಾವವನ್ನೂ ಸಂದರ್ಭವನ್ನೂ ನೋಡಿ ಮಾರಿದವನು ಸಾಗಣೆಯವನೊಡನೆ ತಕ್ಕ ಕರಾರು ಮಾಡಬೇಕು. ಮಾಡದೆ ಮಾಲು ಕೆಟ್ಟರೆ, "ಇದು ನನಗೆ ಒಪ್ಪಿಸಿದಂತೆ ಆಗಲಿಲ್ಲ" ಎಂದು ಕೊಂಡವನು ಹೇಳಬಹುದು, ಇಲ್ಲವೆ ನಷ್ಟ ಕೇಳಬಹುದು. ಮಳೆಗಾಲದಲ್ಲಿ ಪುಸ್ತಕಗಳನ್ನು ಬರಿಯ ಗೋಣಿತಟ್ಟಿನಲ್ಲಿ ಕಳಿಸುವುದು ತಕ್ಕದ್ದೇ ಎಂದು ನಾವು ಕೇಳಬಹುದಿತ್ತು. ಕೇಳಿದೆವು ಕೂಡ. ಅದಕ್ಕೆ ಆ ತಾಯಿಯ ಪಕ್ಕದ ಮನೆಯ ಹುಡುಗ ಒಂದೇ ಮಾತು ಹೇಳಿದ: "ಪ್ಲಾಸ್ಟಿಕ್ ಹೊದಿಕೆಯ ದಾರಿ ತೋರಿಸಿದ್ದೆವು, ನೀವೇ ಬೇಡವೆಂದಿರಿ." 180 ರೂಪಾಯಿ! ನಾವು ಬಾಯಿ ಮುಚ್ಚಿಕೊಂಡೆವು.

ಇನ್ನು ಗ್ರಾಹಕ ರಕ್ಷಣೆಯ ಕಾಯಿದೆ. ಇದು ನಮ್ಮಂಥವರಿಗೆ ಬಹಳ ಬೇಕಾದದ್ದು, ಆದುದರಿಂದ ನಿಧಾನವಾಗಿ ಹೇಳುತ್ತೇವೆ. 2019ರ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಅದೇ ತಿಂಗಳು ಜಾಲದ ವ್ಯಾಪಾರಕ್ಕೆಂದೇ ನಿಯಮಗಳು ಬಂದವು. ಅವುಗಳಂತೆ ಜಾಲದಲ್ಲಿ ಮಾರುವ ವ್ಯಾಪಾರಿ ಕೆಟ್ಟ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ ಎನ್ನುವಂತಿಲ್ಲ. ಜಾಲತಾಣದವರು ದೂರು ಕೇಳುವ ಅಧಿಕಾರಿಯೊಬ್ಬರನ್ನು ನೇಮಿಸಿರಬೇಕು; 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಮಾಲಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಎಲ್ಲಕ್ಕಿಂತ ಮುಖ್ಯ ಸಂಗತಿ: ಮಾರಿದವನ ಊರಿಗೆ ಹೋಗಬೇಕಾಗಿಲ್ಲ. ದೂರು ಕೊಡುವವನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ಕೊಡಬಹುದು. ರೇಷನ್ ಕಾರ್ಡು ಊರಿನದು, ಖೋಲಿ ಇಲ್ಲಿಯದು, ನಮ್ಮ ದೂರನ್ನು ಯಾರು ಕೇಳುತ್ತಾರೆ ಎಂದು ಸುಮ್ಮನಿರುವ ಸದಸ್ಯರು ಇದನ್ನು ಗಮನಿಸಬೇಕು. ಮೊದಲು ವಿಚಾರಿಸಬೇಕೆಂದರೆ 1915 ಎಂಬ ನಂಬರಿಗೆ ಫೋನು ಮಾಡಿ; ಕನ್ನಡದಲ್ಲೂ ಮಾತನಾಡಬಹುದು.

ಆದರೆ ನಮ್ಮ ಗಂಟಿನ ವಿಷಯದಲ್ಲಿ ಇಲ್ಲೊಂದು ಬಾಗಿಲು ಮುಚ್ಚಿತ್ತು. ಆ ನಿಯಮಗಳು, ವ್ಯಾಪಾರವೆಂದು ಮೇಲಿಂದ ಮೇಲೆ ಮಾಡದೆ ತನ್ನ ಸ್ವಂತ ನೆಲೆಯಲ್ಲಿ ಮಾರುವ ವ್ಯಕ್ತಿಗೆ ಅನ್ವಯಿಸುವುದಿಲ್ಲ. ಗಂಡನ ಪುಸ್ತಕಗಳನ್ನು ಒಂದು ಸಾರಿ ಮಾರಿದ ವಿಧವೆ ವ್ಯಾಪಾರಿಯಲ್ಲ. ಹರಾಜಿನ ತಾಣಗಳಲ್ಲಿ ಎರಡು ಬಗೆಯವರೂ ಒಂದೇ ಪುಟದಲ್ಲಿ ಕೂತಿರುತ್ತಾರೆ, ದಿನವೂ ನೂರು ಮಾಲು ಮಾರುವ ಅಂಗಡಿಯವನೂ, ಮನೆ ಖಾಲಿ ಮಾಡುವ ನಮ್ಮಂಥವನೂ. ಸವಾಲು ಕಟ್ಟುವ ಮುನ್ನ ಇದನ್ನು ನೋಡಿಕೊಳ್ಳತಕ್ಕದ್ದು.

ನಮ್ಮ ದೇಶದಲ್ಲಿ ಜಾಲದ ಹರಾಜು ಹೊಸದೇನಲ್ಲ. ಬಾಝಿ ಎಂಬ ತಾಣವನ್ನು 2004ರಲ್ಲಿ ಅಮೆರಿಕದ ಇಬೇ ಕೊಂಡಿತು. ಅವರಲ್ಲಿ ಪೈಸಾಪೇ ಎಂಬ ಏರ್ಪಾಡಿತ್ತು. ಕೊಂಡವನ ಹಣ ನಡುವೆ ನಿಂತು, ಮಾಲು ಮುಟ್ಟಿದ ಮೇಲೆ ಮಾರಿದವನಿಗೆ ಹೋಗುತ್ತಿತ್ತು. ಇಬೇಯ ಭಾರತದ ತಾಣ 2018ರ ಆಗಸ್ಟಿನಲ್ಲಿ ಮುಚ್ಚಿತು. ಹಣ ನಡುವೆ ನಿಲ್ಲುವ ಏರ್ಪಾಡಿರುವ ತಾಣದಲ್ಲಿ ಕೊಳ್ಳುವುದಕ್ಕೂ ನೇರವಾಗಿ ಹಣ ಕಳಿಸಿ ಕೊಳ್ಳುವುದಕ್ಕೂ ಬಹಳ ಅಂತರವಿದೆ. ನಾವು ನೇರವಾಗಿ ಕಳಿಸಿದ್ದೆವು.

ಉಳಿದದ್ದು ಕೊರಿಯರಿನವರ 100 ರೂಪಾಯಿಯ ಮಾತು. ರಶೀದಿಯ ಹಿಂಬದಿಯ ಸಣ್ಣ ಅಕ್ಷರಕ್ಕೆ ಬೆಲೆಯಿಲ್ಲವೆಂದು ನಮ್ಮಲ್ಲಿ ಕೆಲವರು ವಾದಿಸಿದರು. ಬೆಲೆಯುಂಟು. 1996ರಲ್ಲಿ ಸುಪ್ರೀಂ ಕೋರ್ಟು ಭಾರತಿ ನಿಟ್ಟಿಂಗ್ ಕಂಪನಿಯ ಮೊಕದ್ದಮೆಯಲ್ಲಿ, ಕಳಿಸಿದವರು ಸಹಿ ಹಾಕಿದ ಚೀಟಿಯಲ್ಲಿ ಹೊಣೆ 100 ಡಾಲರಿಗೆ ಮಿತಿಯೆಂದಿದ್ದರೆ ಅಷ್ಟೇ ಸಿಗುವುದೆಂದು ತೀರ್ಪು ಕೊಟ್ಟಿತು. ನಮ್ಮಂತೆ ಬಟ್ಟೆಯ ಉದ್ಯೋಗದವರೇ ಸೋತ ಮೊಕದ್ದಮೆ ಅದು. ಆದರೆ ಆಮೇಲೆ 2007ರಲ್ಲಿ ರಸ್ತೆ ಸಾಗಣೆಯ ಕಾಯಿದೆ ಬಂತು, 2011ರಲ್ಲಿ ಜಾರಿಯಾಯಿತು, 1865ರ ಹಳೆಯ ಕಾಯಿದೆ ಹೋಯಿತು. ಮನೆಯಿಂದ ಮನೆಗೆ ಸಾಗಿಸುವ ಕೊರಿಯರ್ ಸಂಸ್ಥೆಯನ್ನೂ ಅದು ಸಾಗಣೆಯವರಲ್ಲಿ ಸೇರಿಸಿದೆ. ಹೆಚ್ಚಿನ ಬೆಲೆಯನ್ನು ಮೊದಲೇ ಬರೆಸಿರದಿದ್ದರೆ ಹೊಣೆ ಸಾಗಣೆ ದರದ ಹತ್ತು ಪಟ್ಟಿನವರೆಗೆ. 420ರ ಹತ್ತು ಪಟ್ಟು ಎಷ್ಟೆಂದು ನೀವೇ ಲೆಕ್ಕ ಹಾಕಿ. ನಮ್ಮ ಗಂಟಿನ ಬೆಲೆ ಅದರೊಳಗೇ ಬರುತ್ತದೆ. ಮಾಲು ಕೆಟ್ಟರೆ ಸಾಗಣೆಯವನ ಅಲಕ್ಷ್ಯವನ್ನು ಕೇಳುವವನು ರುಜುವಾತು ಮಾಡಬೇಕಾಗಿಲ್ಲ. ಆದರೆ ದಾವೆ ಹೂಡುವ ಮುನ್ನ, ಬುಕ್ಕು ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟೀಸು ಕೊಡಲೇಬೇಕು. ಸರಕಾರಿ ಅಂಚೆಗೆ ಈ ಕಾಯಿದೆ ಇಲ್ಲ. ಅಂಚೆಯ ಹೊಣೆ ಎಷ್ಟೆಂಬುದು ಅದರದೇ ನಿಯಮದಲ್ಲಿ ಬರೆದಷ್ಟೇ. ಬೆಲೆಬಾಳುವುದನ್ನು ಅಂಚೆಯಲ್ಲಿ ಕಳಿಸುವವರು ವಿಮೆ ಮಾಡಿಸುವುದು ಅದಕ್ಕೇ.

ಇಷ್ಟೆಲ್ಲ ಕಾಯಿದೆ ಇದ್ದೂ ನಮ್ಮ ಕೈ ಕಟ್ಟಿಹಾಕಿದ್ದು ಯಾವುದು? ಮಾಲು ಕೊರಿಯರಿನವರ ಕೈಯಲ್ಲಿದ್ದಾಗ ಒದ್ದೆಯಾಯಿತೆಂದು ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ. ಅಂಕಿ ಕೊಟ್ಟಿದ್ದೆವು. ಗೋಣಿಯನ್ನು ಹರಿದು ಬಿಸಾಡಿದ್ದೆವು. ಬಿಚ್ಚುವ ಮುಂಚಿನ ಫೋಟೋ ಒಂದೂ ಇಲ್ಲ. ಎರಡು ರಾತ್ರಿ ಗಂಟು ನಮ್ಮದೇ ಬಾಗಿಲಲ್ಲಿ ಮಳೆಯಲ್ಲಿತ್ತು.

ನಾಚಿಕೆಯ ಸಂಗತಿಯೆಂದರೆ ನಾವು ದಿನವೂ ಇದೇ ಕೆಲಸ ಮಾಡುವವರು. ಗಿರಣಿಯ ಗೇಟಿಗೆ ಲಾರಿ ಬಂದರೆ ಮುಕಾದಮ ಮೊದಲು ತಾಡಪತ್ರಿ ನೋಡುತ್ತಾನೆ. ಬೇಲುಗಳನ್ನು ಇಳಿಸುವಾಗಲೇ ಎಣಿಸಿ, "ಎರಡು ಬೇಲು ಒದ್ದೆ, ಒಂದರ ಪಟ್ಟಿ ಹರಿದಿದೆ" ಎಂದು ಬಿಲ್ಟಿಯ ಮೇಲೆ ಬರೆದು ಲಾರಿಯವನ ಸಹಿ ತೆಗೆದುಕೊಂಡೇ ಮುಂದಿನ ಮಾತು. ಬರೆಯದೆ ಸಹಿ ಹಾಕಿದ ಗುಮಾಸ್ತನ ಪಗಾರಕ್ಕೆ ಕತ್ತರಿ ಬೀಳುತ್ತದೆ. ಧಣಿಯ ಮಾಲಿಗೆ ಇಷ್ಟು ಎಚ್ಚರವಿದ್ದ ನಾವು ನಮ್ಮ ಸ್ವಂತ ಮಾಲಿಗೆ ಫೋನಿನಲ್ಲಿ ನಾಲ್ಕು ಅಂಕಿ ಹೇಳಿ ಕೈ ತೊಳೆದುಕೊಂಡೆವು.

ಒಂದು ಖೋಲಿಯಲ್ಲಿ ಎಂಟು ಹತ್ತು ಜನ, ಎಲ್ಲರಿಗೂ ಪಾಳಿ. ಮಾಲು ಬಂದಾಗ ಯಾರೋ ತೆಗೆದುಕೊಳ್ಳುತ್ತಾರೆ, ಯಾವಾಗಲೋ ಬಿಚ್ಚುತ್ತೇವೆ. ಕಳೆದ ವರ್ಷ ಒಬ್ಬ ಸದಸ್ಯರು ಊರಿನ ತಂಗಿಗೆಂದು ಹಳೆಯ ಹೊಲಿಗೆ ಯಂತ್ರವನ್ನು ಹೀಗೆಯೇ ಕೊಂಡರು. ತಳದ ಎರಕದ ಕಾಲು ಮುರಿದಿತ್ತು. ಒಂಬತ್ತು ದಿನದ ಮೇಲೆ ಹೇಳಿದ್ದರಿಂದ ಯಾರೂ ಕೇಳಲಿಲ್ಲ. ಮುರಿದ ಯಂತ್ರವನ್ನು ಅವರು ತಂಗಿಗೆ ಕಳಿಸಲೂ ಇಲ್ಲ, ಹೇಳಲೂ ಇಲ್ಲ. ಅದು ಇನ್ನೂ ಅವರ ಮಂಚದ ಕೆಳಗಿದೆ.

ಆ ತಾಯಿಯ ಹತ್ತಿರ ಹಣ ಕೇಳಬೇಕೋ ಬೇಡವೋ ಎಂದು ಸಮಿತಿಯಲ್ಲಿ ಎರಡು ಪಕ್ಷವಾಯಿತು. ವಿಧವೆಯನ್ನು ಪೀಡಿಸಬಾರದೆಂದು ಕೆಲವರು; ಕೂಲಿಯವರ ಐವತ್ತು ರೂಪಾಯಿಯೂ ಹಣವೇ ಎಂದು ಕೆಲವರು. ಕೊನೆಗೆ ಹೀಗೆ ಬರೆದೆವು: ಮಳೆಗಾಲದಲ್ಲಿ ಗೋಣಿಯಲ್ಲಿ ಕಟ್ಟಿದ್ದು ನಿಮ್ಮ ತಪ್ಪು, ಅಗ್ಗದ ದಾರಿ ಹಿಡಿದದ್ದು ಮತ್ತು ತಡವಾಗಿ ಬಿಚ್ಚಿದ್ದು ನಮ್ಮ ತಪ್ಪು, ಹಾದಿಯಲ್ಲಿ ಏನಾಯಿತೋ ಸಾಗಣೆಯವರು ಹೇಳಬೇಕು; ನಿಮಗೆ ಸರಿ ಕಂಡಷ್ಟು ಕಳಿಸಿರಿ. ಹದಿನೈದು ದಿನದ ಮೇಲೆ 1,200 ರೂಪಾಯಿ ಬಂದಿತು. ಅಂದರೆ ಮೂರರಲ್ಲಿ ಒಂದು ಪಾಲು. ಯಾರೂ ಹೇಳಿಕೊಡದೆ ಆಕೆ ಮೂರು ಪಾಲು ಮಾಡಿದ್ದರು. ಕೊರಿಯರಿನವರಿಗೆ 180 ದಿನದೊಳಗೇ ನೋಟೀಸು ಕಳಿಸಿದ್ದೇವೆ, ಇನ್ನೂ ಉತ್ತರವಿಲ್ಲ. ನಮ್ಮ ಪಾಲು ನಷ್ಟದ 1,200ನ್ನು ಆ ರಾತ್ರಿ ಫೋನಿನ ಮೇಲೆ ಬಾಗಿ ನಿಂತಿದ್ದ ಎಂಟು ಮಂದಿ ಸಂಘಕ್ಕೆ ತುಂಬಿದ್ದೇವೆ. ಪುಸ್ತಕದಲ್ಲಿ ಜಮಾ ಆಗಿದೆ, ನೋಡಬಹುದು.

ಇನ್ನು ಮುಂದಿನ ಏರ್ಪಾಡು. ಸಂಜೆ ಆರರಿಂದ ಒಂಬತ್ತರವರೆಗೆ ಇಲ್ಲಿ ಒಬ್ಬ ಸ್ವಯಂಸೇವಕರು ಇರುತ್ತಾರೆ. ಸದಸ್ಯರು ಜಾಲದಲ್ಲಿ ಕೊಳ್ಳುವಾಗ ವಾಚನಾಲಯದ ವಿಳಾಸ ಕೊಡಬಹುದು. ಮಾಲು ತಂದವನ ಎದುರಿಗೇ ನಾಲ್ಕು ಮಗ್ಗುಲಿನ ಫೋಟೋ ತೆಗೆದು ಆಮೇಲೆ ಅಂಕಿ ಹೇಳುವುದು. ಪೆಟ್ಟಿಗೆ ಜಜ್ಜಿದ್ದರೆ, ಒದ್ದೆಯಿದ್ದರೆ ಹಾಗೆಂದು ಬರೆಸುವುದು. ಬರೆಯಲಾರೆ ಎಂದರೆ ಮಾಲು ತೆಗೆದುಕೊಳ್ಳದಿರುವುದು. ಬಿಚ್ಚುವಾಗ ಮೊದಲಿಂದ ಕೊನೆಯವರೆಗೆ ಒಂದೇ ಚಿತ್ರೀಕರಣ, ನಡುವೆ ನಿಲ್ಲಿಸದೆ. ಪೆಟ್ಟಿಗೆ, ಗೋಣಿ, ರಟ್ಟು ಯಾವುದನ್ನೂ ಒಂದು ತಿಂಗಳು ಬಿಸಾಡುವಂತಿಲ್ಲ. ಅಟ್ಟದ ಮೇಲೆ ಜಾಗ ಮಾಡಿದ್ದೇವೆ. ಊರಿಗೆ ಏನಾದರೂ ಮಾರಿ ಕಳಿಸುವವರೂ ಕಟ್ಟುವ ಮುಂಚೆ ಇಲ್ಲಿ ತಂದು ತೋರಿಸಿ. ಗಾಜು, ಎರಕ, ಕಾಗದ ಇವನ್ನು ಕಟ್ಟುವ ಬಗೆಯನ್ನು ನಮ್ಮ ಭಿವಂಡಿಯ ಗೆಳೆಯರು ಹೇಳಿಕೊಡುತ್ತಾರೆ. ಮತ್ತು ಆ ಯಾದಗಿರಿಯ ಹುಡುಗ ಬಂದರೆ ಕೂಡಿಸಿ ಚಹಾ ಕೊಡಿ. ನಾವು ಅವನ ಕ್ಷಮೆ ಕೇಳಿದ್ದೇವೆ, ಅವನೂ ಈಗ ಸದಸ್ಯ.

61ರಲ್ಲಿ 38 ಪುಸ್ತಕ ಉಳಿದವು. ಎಲೆಗಳ ನಡುವೆ ಹಳೆಯ ವೃತ್ತಪತ್ರಿಕೆಯ ಹಾಳೆ ಇಟ್ಟು, ದಿನಕ್ಕೆರಡು ಸಾರಿ ಬದಲಿಸಿ, ಪಂಖದ ಗಾಳಿಗೆ ಒಣಗಿಸಿದೆವು; ಬಿಸಿಲಿಗೆ ಇಡಲಿಲ್ಲ. ಎಲೆಗಳು ಸ್ವಲ್ಪ ಅಲೆಅಲೆಯಾಗಿವೆ, ಅಕ್ಷರ ಚೆನ್ನಾಗಿದೆ. ಹಲವದರ ಮೊದಲ ಪುಟದಲ್ಲಿ ಆ ಮಾಸ್ತರರು ಕೊಂಡ ತಾರೀಖು, ಬೆಲೆ ಬರೆದಿದ್ದಾರೆ. ಎಡಗಡೆಯ ಕಪಾಟಿನ ಮೂರನೆಯ ಹಲಗೆಯಲ್ಲಿವೆ. ರಟ್ಟಿಲ್ಲದ ನಿಘಂಟನ್ನು ಮಾತ್ರ ಇಲ್ಲೇ ಕೂತು ನೋಡಬೇಕು, ಮನೆಗೆ ಕೊಡುವುದಿಲ್ಲ.